ಹಳೆಯ ಫೋರ್ ವೀಲ್ ಡ್ರೈವ್ ಕೊಳ್ಳಲಾ ಬೇಡವಾ? ಮೊದಲು ಅದರ ಕೆಳಗೆ ಮಲಗಿ ನೋಡಿ

ನೀವು ಕೇಳಿದ್ದು ಇಷ್ಟು ಅಲ್ವಾ: ಸುಮಾರು ಇಪ್ಪತ್ತು ವರ್ಷ ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡಬಹುದಾದ ಗಾಡಿ ಸಿಕ್ಕಿದೆ. ಓಡಿಸಿದ್ದು ಒಬ್ಬರೇ. ಎಂಜಿನ್ ಸದ್ದು ಚೆನ್ನಾಗಿದೆ. "ಫೋರ್ ವೀಲ್ ಒಂದು ದಿನವೂ ಹಾಕಿಲ್ಲ, ಹೊಸದರ ಹಾಗೇ ಇದೆ" ಅಂತ ಮಾರುವವರು ಹೇಳುತ್ತಿದ್ದಾರೆ. ನಿಮಗೆ ತಿಂಗಳಿಗೆ ಒಂದೆರಡು ಸಲ ಕೆಸರು ದಾರಿ, ಉಳಿದ ದಿನ ಟಾರು ರಸ್ತೆ. ಕೊಳ್ಳಲಾ ಬೇಡವಾ?

ಆ "ಒಂದು ದಿನವೂ ಹಾಕಿಲ್ಲ" ಅನ್ನೋ ಮಾತು ಓದಿ ನಗು ಬಂತು. ನನಗೆ ಗಾಡಿ ಮಾರಿದವರೂ ಅದನ್ನೇ ಹೇಳಿದ್ದರು. ಸುಳ್ಳೇನೂ ಹೇಳಿರಲಿಲ್ಲ ಪಾಪ, ನಿಜವಾಗಿಯೂ ಹಾಕಿರಲಿಲ್ಲ. ಮನೆಗೆ ತಂದು ಫೋರ್ ವೀಲ್ ಹಾಕುವ ಲಿವರ್ ಎಳೆದರೆ ಅದು ಅಲ್ಲಾಡಲೇ ಇಲ್ಲ. ಕೆಳಗಿನ ಕೊಂಡಿಗಳೆಲ್ಲ ತುಕ್ಕು ಹಿಡಿದು ಒಂದಾಗಿದ್ದವು. ಮುಂದಿನ ಚಕ್ರವನ್ನು ಆಕ್ಸೆಲ್‌ಗೆ ಜೋಡಿಸುವ ಲಾಕಿಂಗ್ ಹಬ್ ಬಿಚ್ಚಿದರೆ ಒಳಗಿನ ಗ್ರೀಸ್ ಒಣಗಿ ಮೇಣದ ಹಾಗೆ ಗಟ್ಟಿಯಾಗಿತ್ತು. ಮುಂದಿನ ಆಕ್ಸೆಲ್ ವರ್ಷಗಟ್ಟಲೆ ತಿರುಗಿಯೇ ಇರಲಿಲ್ಲ. ತಿರುಗಲು ಶುರುವಾದ ಮೇಲೆ ಆಯಿಲ್ ತಡೆಯುವ ಸೀಲುಗಳು ಒಂದೊಂದಾಗಿ ಸೋರತೊಡಗಿದವು. ಹೆಚ್ಚುಕಮ್ಮಿ ಸರಿಯಾಗಲು ನಾಲ್ಕು ತಿಂಗಳು ಬೇಕಾಯಿತು.

ಟೊಯೋಟಾದ ಹಲವು ಗಾಡಿಗಳ ಕೈಪಿಡಿಯಲ್ಲಿ ತಿಂಗಳಿಗೆ ಕನಿಷ್ಠ 16 ಕಿಲೋಮೀಟರ್ ಫೋರ್ ವೀಲ್ ಹಾಕಿ ಓಡಿಸಿ ಅಂತ ಬರೆದಿರುವುದು ಸುಮ್ನೆ ಅಲ್ಲ. ಗೇರು, ಬೇರಿಂಗ್‌ಗಳಿಗೆ ಆಯಿಲ್ ಹತ್ತಬೇಕಾದರೆ ಅವು ತಿರುಗಬೇಕು. ಆದ್ದರಿಂದ ಯಾವಾಗಲೋ ಕೆಸರಿನಲ್ಲಿ ಓಡಿಸಿ ಆಮೇಲೆ ತೊಳೆದು ಆಯಿಲ್ ಬದಲಿಸಿದವರ ಗಾಡಿಯನ್ನು, ಹದಿನೈದು ವರ್ಷ ಲಿವರ್ ಮುಟ್ಟದವರ ಗಾಡಿಗಿಂತ ನಾನು ಜಾಸ್ತಿ ನಂಬುತ್ತೇನೆ.

ಹಾಗಂತ ಲಿವರ್ ಸಿಕ್ಕಿಕೊಂಡಿದೆ ಅಂತ ಗಾಡಿ ಬೇಡ ಅನ್ನಬೇಕಾಗಿಲ್ಲ. ಅದು ರಿಪೇರಿ ಆಗುವ ವಿಷಯ. ಎಂಜಿನ್ನೂ ಅಷ್ಟೇ, ಬಿಚ್ಚಬಹುದು, ಕಟ್ಟಬಹುದು, ಬೇರೆ ತಂದು ಕೂರಿಸಬಹುದು. ನೀವು ಸೋಲುವುದು ಚಾಸಿಯಲ್ಲಿ.

ಹಳೆಯ ಕಾಲದ ಈ ಗಾಡಿಗಳಲ್ಲಿ ಜಾಸ್ತಿ ಪಾಲು ಏಣಿಯ ಆಕಾರದ ಉಕ್ಕಿನ ಚಾಸಿಯ ಮೇಲೆ ಬಾಡಿ ಕೂರಿಸಿರುವಂಥವು. ಬಾಡಿ ಫಳಫಳ ಹೊಳೆಯುತ್ತಿದ್ದರೂ ಚಾಸಿ ಒಳಗಿನಿಂದ ತಿಂದುಹೋಗಿರಬಹುದು. ಲ್ಯಾಂಡ್ ರೋವರ್ ಇದಕ್ಕೆ ಒಳ್ಳೆಯ ಉದಾಹರಣೆ. 1948ರಲ್ಲಿ ಅದು ಬಂದಾಗ ಯುದ್ಧ ಮುಗಿದು ಉಕ್ಕಿನ ಅಭಾವ ಇತ್ತು, ಹಾಗಾಗಿ ಬಾಡಿಯನ್ನು ಅಲ್ಯೂಮಿನಿಯಂನಲ್ಲಿ ಮಾಡಿದರು. ಆ ಪದ್ಧತಿ ಅದೇ ಕಂಪನಿಯ ಹಳೆಯ ಡಿಫೆಂಡರ್ ಗಾಡಿ ನಿಂತುಹೋದ 2016ರವರೆಗೂ ನಡೆಯಿತು. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಕೆಳಗಿರುವ ಚಾಸಿ ಉಕ್ಕಿನದೇ. ಮೇಲೆ ನೋಡಿದವರು ಖುಷಿಯಾಗಿ ಕೊಳ್ಳುತ್ತಾರೆ, ಕೆಳಗೆ ನೋಡಿದವರು ತಲೆ ಕೆರೆದುಕೊಳ್ಳುತ್ತಾರೆ.

ಹಾಗಾಗಿ ಹಳೆಯ ಬಟ್ಟೆ ಹಾಕಿಕೊಂಡು ಹೋಗಿ. ಒಂದು ಟಾರ್ಚು, ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್ ಜೊತೆಗಿರಲಿ. ಮಾರುವವರ ಒಪ್ಪಿಗೆ ಕೇಳಿ ಗಾಡಿಯ ಕೆಳಗೆ ಮಲಗಿ. ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಯಾವತ್ತೂ ನುಗ್ಗಬೇಡಿ. ಹಿಂದಿನ ಅಡ್ಡ ತೊಲೆ, ಹಿಂದಿನ ಚಕ್ರದ ಮೇಲೆ ಚಾಸಿ ಬಾಗುವ ಜಾಗ, ಸ್ಪ್ರಿಂಗ್ ಪಟ್ಟಿಗಳನ್ನು ಹಿಡಿದಿರುವ ಬ್ರಾಕೆಟ್ಟು, ಡೀಸೆಲ್ ಟ್ಯಾಂಕಿನ ಮೇಲ್ಭಾಗ, ಕೆಸರು ಹೋಗಿ ಕೂರುವುದು ಇಲ್ಲೆಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಉಕ್ಕು ಟಣ್ ಅನ್ನುತ್ತದೆ. ತಿಂದುಹೋದ ಕಡೆ ಆ ಸದ್ದು ಸತ್ತುಹೋಗಿ ಬರೀ ದಬ್ ಅನ್ನುತ್ತದೆ.

ಗೆಳೆಯರೊಬ್ಬರ ಜೊತೆ ಒಂದು ಗಾಡಿ ನೋಡಲು ಹೋಗಿದ್ದೆ. ಕೆಳಗೆಲ್ಲ ಕಪ್ಪು ಪೇಂಟು, ಇನ್ನೂ ವಾಸನೆ ಹೋಗಿರಲಿಲ್ಲ. ನೋಡಲು ಚಂದವಾಗಿಯೇ ಇತ್ತು. ಹಿಂದಿನ ಚಕ್ರದ ಹತ್ತಿರ ಹೆಬ್ಬೆರಳಿನಿಂದ ಒತ್ತಿದೆ. ಪೇಂಟು ಹಪ್ಪಳದ ಹಾಗೆ ಬಿರುಕು ಬಿಟ್ಟಿತು, ಒಳಗಿನಿಂದ ಕೆಂಪು ಪುಡಿ ನನ್ನ ಕನ್ನಡಕದ ಮೇಲೆ ಸುರಿಯಿತು. ಸ್ಕ್ರೂಡ್ರೈವರ್ ಇಟ್ಟರೆ ಹಿಡಿಯವರೆಗೂ ಒಳಗೆ ಹೋಯಿತು. ಮಾರುವವರು ಮೇಲಿನಿಂದ "ಎಂಜಿನ್ ಸ್ಟಾರ್ಟ್ ಮಾಡಲಾ?" ಅಂತ ಕೇಳುತ್ತಿದ್ದರು. ಬೇಡ ಅಂದೆವು. ಮಾರುವ ಮುಂಚೆ ಬಳಿದ ಕಪ್ಪು ಪೇಂಟು ಕಂಡರೆ ನನಗೆ ಅವತ್ತಿನಿಂದ ಅನುಮಾನ. ಮೇಲುಮೇಲಿನ ಕಂದು ತುಕ್ಕು ಎದುರಿಗೇ ಕಾಣುವ ಚಾಸಿಯೇ ವಾಸಿ.

ಕೆಳಗೆ ಮಲಗಿದಾಗಲೇ ಇನ್ನೊಂದು ನೋಡಿ. ಮುಂದಿನ, ಹಿಂದಿನ ಆಕ್ಸೆಲ್‌ಗೆ ಒಂದೊಂದು ಡಿಫರೆನ್ಶಿಯಲ್ ಇರುತ್ತದೆ, ತಿರುವಿನಲ್ಲಿ ಎಡ ಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗೂಡು ಅದು. ಎರಡು ಡಿಫರೆನ್ಶಿಯಲ್‌ಗಳ ಆಯಿಲ್ ತುಂಬುವ ಬೋಲ್ಟ್ ಬಿಚ್ಚಲು ಒಪ್ಪಿದರೆ, ಬೆರಳಿಟ್ಟು ಸ್ವಲ್ಪ ಆಯಿಲ್ ತೆಗೆಯಿರಿ. ಕಪ್ಪಾಗಿದ್ದರೆ ಹಳೆಯದು, ಅಷ್ಟೇ. ಹಾಲು ಕಲಸಿದ ಹಾಗೆ ಬಿಳಿಚಿಕೊಂಡಿದ್ದರೆ ಒಳಗೆ ನೀರು ಹೋಗಿದೆ. ಬಿಸಿಯಾದ ಡಿಫರೆನ್ಶಿಯಲ್ ಹೊಳೆಯಲ್ಲಿ ಇಳಿದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಗಾಳಿ ಆಡುವ ಬ್ರೀದರ್ ಕಟ್ಟಿಕೊಂಡಿದ್ದರೆ ಅದು ಸೀಲಿನ ಸಂದಿಯಿಂದಲೇ ನೀರು ಎಳೆದುಕೊಳ್ಳುತ್ತದೆ. ನೀರಲ್ಲಿ ಮುಳುಗೆದ್ದ ಗಾಡಿ ಅನ್ನೋ ಅನುಮಾನ ಇದ್ದರೆ ಕಾರ್ಪೆಟ್ ಎತ್ತಿ ಸೀಟಿನ ಬೋಲ್ಟ್‌ಗಳನ್ನೂ ನೋಡಿ. ಅಲ್ಲಿನ ನುಣುಪು ಕೆಸರನ್ನು ಯಾರೂ ಪೂರ್ತಿ ತೊಳೆಯುವುದಿಲ್ಲ.

ಈಗ ಓಡಿಸಿ ನೋಡುವುದು. ಎಂಜಿನ್ ತಣ್ಣಗಿರುವಾಗಲೇ ಹೋಗಿ. ಹೋಗುವಷ್ಟರಲ್ಲಿ ಅವರೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಬೆಳಗಿನ ಮೊದಲ ಸ್ಟಾರ್ಟು ಡೀಸೆಲ್ ಎಂಜಿನ್ನಿನ ಬಂಡವಾಳ ಹೇಳುತ್ತದೆ. ಎಂಜಿನ್ ಬಗ್ಗೆ ಉಳಿದದ್ದು ಯಾವ ಮೆಕ್ಯಾನಿಕ್ ಬೇಕಾದರೂ ನಿಮಗೆ ಹೇಳುತ್ತಾರೆ.

ಫೋರ್ ವೀಲ್ ಪರೀಕ್ಷೆಗೆ ಮುಂಚೆ ಗಾಡಿ ಯಾವ ಜಾತಿಯದು ಅಂತ ಗೊತ್ತಿರಬೇಕು. ಪಾರ್ಟ್ ಟೈಮ್ ಆದರೆ ಮಾಮೂಲಿಯಾಗಿ ಹಿಂದಿನ ಚಕ್ರ ಮಾತ್ರ ಎಳೆಯುತ್ತದೆ. ಲಿವರ್ ಹಾಕಿದಾಗ, ಎಂಜಿನ್ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗೆ ಹಿಂದು ಮುಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಫುಲ್ ಟೈಮ್ ಆದರೆ ನಾಲ್ಕೂ ಯಾವಾಗಲೂ ಎಳೆಯುತ್ತವೆ, ಹಿಂದು ಮುಂದಿನ ವೇಗದ ವ್ಯತ್ಯಾಸ ನುಂಗಲು ನಡುವೆ ಇನ್ನೊಂದು ಡಿಫರೆನ್ಶಿಯಲ್ ಇರುತ್ತದೆ. ಇದು ತಿಳಿಯದೆ ಗಾಡಿ ಹಾಳು ಮಾಡುವವರು ಬಹಳ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಎರಡೂ ಶಾಫ್ಟು ಬಿಗಿದುಕೊಂಡಿದ್ದರೆ ಆ ವ್ಯತ್ಯಾಸ ಎಲ್ಲಿಗೆ ಹೋಗಬೇಕು? ಕೆಸರಿನಲ್ಲಿ ಟೈರ್ ಸ್ವಲ್ಪ ಜಾರಿ ಸರಿಹೋಗುತ್ತದೆ. ಒಣ ಟಾರಿನ ಮೇಲೆ ಜಾರುವುದಿಲ್ಲ, ಆ ಬಿಗಿತವೆಲ್ಲ ಗೇರು, ಶಾಫ್ಟುಗಳ ಮೇಲೆ ಬೀಳುತ್ತದೆ.

ಇದೇ ನಿಮ್ಮ ಪರೀಕ್ಷೆಯೂ ಹೌದು. ಪಾರ್ಟ್ ಟೈಮ್ ಗಾಡಿಯನ್ನು ಜಲ್ಲಿ ಅಥವಾ ಸಡಿಲ ಮಣ್ಣಿನ ಬಯಲಿಗೆ ಒಯ್ಯಿರಿ. ಕೈಯಲ್ಲಿ ತಿರುಗಿಸುವ ಹಬ್ ಇದ್ದರೆ ಇಳಿದು ಎರಡೂ ಕಡೆ ಲಾಕ್ ಮಾಡಿ. ಇದನ್ನು ಮರೆತರೆ ಲಿವರ್ ಹಾಕಿದರೂ ಮುಂದಿನ ಚಕ್ರಕ್ಕೆ ಏನೂ ಬರುವುದಿಲ್ಲ. ಆಮೇಲೆ ಲಿವರ್ ಹಾಕಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಡಿಗೆಯ ವೇಗದಲ್ಲಿ ಕೆಲವೇ ಮೀಟರ್ ಹೋಗಿ. ಯಾರೋ ಹ್ಯಾಂಡ್ ಬ್ರೇಕ್ ಎಳೆದ ಹಾಗೆ ಗಾಡಿ ಬಿಗಿದರೆ ಮುಂದಿನ ಚಕ್ರ ಕೆಲಸ ಮಾಡುತ್ತಿದೆ. ಮೊದಲಿನಷ್ಟೇ ಹಗುರವಾಗಿ ತಿರುಗಿದರೆ ಡ್ಯಾಶ್‌ಬೋರ್ಡಿನ ದೀಪ ಉರಿದರೂ ನಂಬಬೇಡಿ.

ಲೋ ರೇಂಜ್, ಅಂದರೆ ಚಕ್ರದ ವೇಗ ತಗ್ಗಿಸಿ ಬಲ ಹೆಚ್ಚಿಸುವ ಗೇರನ್ನು, ಗಾಡಿ ನಿಲ್ಲಿಸಿಯೇ ಹಾಕಿ. ಹಲವು ಗಾಡಿಗಳಲ್ಲಿ ಇದು ಎರಡೂವರೆ ಪಟ್ಟಿನ ಆಸುಪಾಸು ಇರುತ್ತದೆ, ಜೀಪ್ ರೂಬಿಕಾನ್‌ನಲ್ಲಿ ನಾಲ್ಕು ಪಟ್ಟು. ಅಂದರೆ ಚಕ್ರ ಅಷ್ಟು ನಿಧಾನವಾಗಿ, ಅಷ್ಟು ಜಾಸ್ತಿ ಬಲದಿಂದ ತಿರುಗುತ್ತದೆ. ಮೊದಲ ಗೇರಿನಲ್ಲಿ ಒಂದು ಇಳಿಜಾರು ಇಳಿಸಿ, ಬ್ರೇಕ್ ಮೇಲೆ ಕಾಲು ಸಿದ್ಧ ಇರಲಿ, ಆದರೆ ಒತ್ತಬೇಡಿ. ಎಂಜಿನ್ನೇ ಗಾಡಿಯನ್ನು ತಡೆದು ಇಳಿಸಬೇಕು. ಗುಂಯ್ ಅನ್ನೋ ಸದ್ದು ಸಹಜ. ಆದರೆ ಲಿವರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚುವ ಕೆಲಸ ಇದೆ ಅಂತ ಅರ್ಥ.

ಟೈರ್ ನಾಲ್ಕೂ ಒಂದೇ ಅಳತೆಯವಾ, ಒಂದೇ ಮಟ್ಟಕ್ಕೆ ಸವೆದಿವೆಯಾ ನೋಡಿ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಯಲ್ಲಿ ಮೊದಲೆರಡು ಟೈರ್ ತಯಾರಾದ ವಾರ, ಕೊನೆಯೆರಡು ವರ್ಷ. 2319 ಅಂದರೆ 2019ರ 23ನೇ ವಾರ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ತಿಂಗಳಿಗೆ ಒಂದೆರಡು ಸಲದ ಕೆಸರು ದಾರಿಗೆ ಫೋರ್ ವೀಲ್ ಬೇಕೇ ಬೇಕಾ? ಆ ದಾರಿಯಲ್ಲಿ ಮಾಮೂಲಿ ಗಾಡಿಗಳು ಓಡಾಡುತ್ತಿದ್ದರೆ, ನೆಲದಿಂದ ಎತ್ತರವಿರುವ ಟೂ ವೀಲ್ ಡ್ರೈವ್ ಗಾಡಿಗೆ ಒಳ್ಳೆಯ ಟೈರ್ ಹಾಕಿದರೆ ಸಾಕು. ಇನ್ನೊಂದು ತಪ್ಪು ಕಲ್ಪನೆ ಇದೆ: ಫೋರ್ ವೀಲ್ ಇದ್ದರೆ ಜಾರುವ ರಸ್ತೆಯಲ್ಲಿ ಗಾಡಿ ಬೇಗ ನಿಲ್ಲುತ್ತದೆ ಅಂತ. ಇಲ್ಲ. ಹೊರಡಲು ಸಹಾಯ ಮಾಡುತ್ತದೆ, ನಿಲ್ಲಿಸಲು ಅಲ್ಲ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ.

ಖರ್ಚನ್ನೂ ಲೆಕ್ಕ ಹಾಕಿ. ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಶಿಯಲ್, ಐದು ಕಡೆ ಆಯಿಲ್ ಬದಲಿಸಬೇಕು. ಕೊಂಡ ಮೊದಲ ವಾರವೇ ಐದೂ ಬದಲಿಸಿ, ಹಿಂದಿನವರು ಏನೇ ಹೇಳಿರಲಿ. ಡೀಸೆಲ್ ಕುಡಿಯುವುದಂತೂ ಇದ್ದದ್ದೇ. ಸಣ್ಣ ಸೀಲು ಸಿಗದೆ ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲುವ ದಿನಗಳು ಬರುತ್ತವೆ. ಬೆಳಗ್ಗೆ ಕೆಲಸಕ್ಕೆ ಹೋಗಲು ನಿಮಗೆ ಇದೊಂದೇ ಗಾಡಿ ಆದರೆ ಬೇಡ ಅಂತಲೇ ಹೇಳುತ್ತೇನೆ. ಓಡಾಡಲು ಬೇರೆ ದಾರಿ ಇದ್ದು, ಚಾಸಿ ಟಣ್ ಅಂದರೆ ಕೊಳ್ಳಿ. ಲಿವರ್ ಬಿಗಿದಿದ್ದರೆ, ಸೀಲು ಸೋರುತ್ತಿದ್ದರೆ ಬೆಲೆ ಇಳಿಸಿ ಕೇಳಿ. ಚಾಸಿಯಲ್ಲಿ ಸ್ಕ್ರೂಡ್ರೈವರ್ ಇಳಿದರೆ ಅರ್ಧ ಬೆಲೆಗೆ ಕೊಟ್ಟರೂ ವಾಪಸ್ ಬನ್ನಿ.

ನನ್ನ ಗಾಡಿ ಈಗಲೂ ಇದೆ. ಆಯಿಲ್ ಸೋರುವುದು ಪೂರ್ತಿ ನಿಂತಿಲ್ಲ, ಕೆಳಗೊಂದು ರಟ್ಟು ಹಾಕಿದ್ದೇನೆ. ನೀವು ನೋಡಿದ ಗಾಡಿ ಪಾರ್ಟ್ ಟೈಮಾ ಫುಲ್ ಟೈಮಾ ಬರೆದಿಲ್ಲ. ಗೊತ್ತಾದರೆ ಹೇಳಿ, ಹಿಂದಿನ ಅಡ್ಡ ತೊಲೆಯದ್ದೊಂದು ಫೋಟೋ ಕೂಡ ಹಾಕಿ.