ಸಂಪಾದಕರ ಉತ್ತರ: ಹಾಳೆ ಹೋದರೆ ಹೋಗಲಿ

ಪೀಣ್ಯದ ಕಾರ್ಖಾನೆಯೊಂದರ, ತಗಡು ಒತ್ತುವ ಪ್ರೆಸ್ ಷಾಪಿನಲ್ಲಿ 22 ವರ್ಷಗಳಿಂದ ಸೂಪರ್‌ವೈಸರ್ ಆಗಿರುವ ಓದುಗರೊಬ್ಬರು, ಹೆಸರು ಹಾಕಬೇಡಿ ಎಂಬ ಕೋರಿಕೆಯೊಂದಿಗೆ, ಹೀಗೆ ಬರೆದಿದ್ದಾರೆ: “ಕಾರ್ಮಿಕರಿಗೆ ಸುರಕ್ಷತಾ ತರಬೇತಿ ಕೊಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎರಡು ಗಂಟೆಯ ಉತ್ಪಾದನೆ ಹಾಳು. ಅರ್ಧ ಜನ ತೂಕಡಿಸುತ್ತಾರೆ. ಮರುದಿನವೇ ಪ್ರೆಸ್ಸಿನ ಎರಡು ಬಟನ್‌ಗಳಲ್ಲಿ ಒಂದಕ್ಕೆ ಬೆಂಕಿಕಡ್ಡಿ ಸಿಕ್ಕಿಸಿ ಒಂದೇ ಕೈಯಲ್ಲಿ ಓಡಿಸುತ್ತಾರೆ. ಅವರ ಬೆರಳಿನ ಮೇಲೆ ಅವರಿಗೇ ಇಲ್ಲದ ಕಾಳಜಿ ನಮಗೇಕೆ?”

ಮಾನ್ಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿರುವ ಸಿಟ್ಟು ಪ್ರಾಮಾಣಿಕವಾದುದೆಂದು ಬಲ್ಲೆ. ಬೆಂಕಿಕಡ್ಡಿಯ ವಿಚಾರವಂತೂ ಕುರ್ಚಿಯಲ್ಲಿ ಕುಳಿತವರಿಗೆ ಹೊಳೆಯುವಂಥದಲ್ಲ. ಪ್ರೆಸ್ ಕೆಳಗಿಳಿಯುವಾಗ ಎರಡೂ ಕೈಗಳು ಬಟನ್ನಿನ ಮೇಲೇ ಇರಬೇಕು, ತಗಡನ್ನು ಒತ್ತುವ ಅಚ್ಚಿನ, ಅಂದರೆ ಡೈ ಕೆಳಗೆ ಒಂದು ಬೆರಳೂ ಇರಬಾರದು ಎಂಬುದಕ್ಕಾಗಿಯೇ ಎರಡು ಬಟನ್‌ಗಳನ್ನು ಇಟ್ಟಿರುವಾಗ, ಒಂದನ್ನು ಕಡ್ಡಿಯಿಂದ ಸದಾ ಒತ್ತಿಹಿಡಿಯುವುದು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವ ಕೆಲಸ. ಕಾರ್ಮಿಕನ ತಪ್ಪೇ ಇಲ್ಲವೆಂದು ನಾನು ವಾದಿಸಲಾರೆ. ಆದರೆ ಇದನ್ನು ಒಪ್ಪಿಕೊಂಡ ಮೇಲೆ ನಿಮ್ಮೊಡನೆ ಸ್ವಲ್ಪ ಜಗಳವಾಡುವುದಿದೆ.

ಮೊದಲು ತೂಕಡಿಕೆಯ ಮಾತು. ಕೆಲವು ವರ್ಷಗಳ ಹಿಂದೆ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ಕಾರ್ಖಾನೆಯೊಂದರವರು ನನ್ನನ್ನು ಅತಿಥಿಯಾಗಿ ಕರೆದಿದ್ದರು. 1966ರಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ ದಿನವದು. ಶಾಲು, ಹಾರ, ಗೋಡಂಬಿ ಎಲ್ಲವೂ ಕ್ರಮವಾಗಿ ನಡೆದವು. ಆಮೇಲೆ ದೀಪ ಆರಿಸಿ, ಪರದೆಯ ಮೇಲೆ ಅರವತ್ತಕ್ಕೂ ಹೆಚ್ಚು ಸ್ಲೈಡುಗಳನ್ನು ಇಂಗ್ಲಿಷಿನಲ್ಲಿ ತೋರಿಸಿದರು. ಪ್ರತಿಜ್ಞಾವಿಧಿಯನ್ನೂ ಇಂಗ್ಲಿಷಿನಲ್ಲೇ ಬೋಧಿಸಿದರು. ರಾತ್ರಿ ಪಾಳಿ ಮುಗಿಸಿ ಬಂದವರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಪಕ್ಕದಲ್ಲಿದ್ದ ನಡುವಯಸ್ಸಿನ ಕಾರ್ಮಿಕರೊಬ್ಬರು ನನ್ನ ಕಿವಿಯ ಹತ್ತಿರ ಬಾಗಿ, “ಸಾರ್, ಹಜಾರ್ಡ್ ಅಂದ್ರೆ ಏನು?” ಎಂದು ಕೇಳಿದರು. “ಅಪಾಯ” ಎಂದೆ. “ಓ, ಅಷ್ಟೇನಾ” ಎಂದರು. ಕೊನೆಗೆ ಹಾಜರಿ ಪುಸ್ತಕ ಬಂತು, ಎಲ್ಲರೂ ಸಹಿ ಹಾಕಿದರು, ತರಬೇತಿ ಮುಗಿಯಿತು. ನಿಜ ಹೇಳಬೇಕೆಂದರೆ ಆ ದಿನ ನಾನೂ ತೂಕಡಿಸಿದ್ದೆ, ಅದೂ ವೇದಿಕೆಯ ಮೇಲಿಂದ ಇಳಿದ ಐದೇ ನಿಮಿಷಕ್ಕೆ.

ನನಗೆ ಸಿಕ್ಕ ನಿಜವಾದ ತರಬೇತಿ ಬೇರೆಯದು. ಓದು ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದಾಗ ಒಂದು ಮುದ್ರಣಾಲಯ ಸೇರಿದ್ದೆ. ಅಲ್ಲಿ ಟ್ರೆಡಲ್ ಯಂತ್ರವಿತ್ತು. ಬಾಯಿ ತೆರೆದು ಮುಚ್ಚುವ ಮೊಸಳೆಯಂಥದು. ಬಾಯಿ ತೆರೆದಾಗ ಬಲಗೈಯಿಂದ ಹಾಳೆ ಇಡಬೇಕು, ಮುಚ್ಚಿ ತೆರೆದ ಮೇಲೆ ಎಡಗೈಯಿಂದ ತೆಗೆಯಬೇಕು. ಅದರ ಮೇಸ್ತ್ರಿಗೆ ಬಲಗೈಯ ಎರಡು ಬೆರಳುಗಳ ತುದಿ ಇರಲಿಲ್ಲ. ಮೊದಲ ಮೂರು ದಿನ ಅವರು ನನ್ನನ್ನು ಯಂತ್ರ ಮುಟ್ಟಲು ಬಿಡಲಿಲ್ಲ; ಪಕ್ಕದಲ್ಲಿ ನಿಲ್ಲಿಸಿ ಲಯ ಕೇಳಿಸಿದರು. ನಾಲ್ಕನೆಯ ದಿನ ಬೇಕೆಂದೇ ಒಂದು ಹಾಳೆಯನ್ನು ಸೊಟ್ಟಗೆ ಇಟ್ಟರು. ನನ್ನ ಕೈ ತಾನಾಗಿಯೇ ಅದನ್ನು ಸರಿಪಡಿಸಲು ಮುಂದೆ ಹೋಯಿತು. ಪಟ್ಟನೆ ಮಣಿಕಟ್ಟಿನ ಮೇಲೆ ಅವರ ಏಟು ಬಿತ್ತು. “ಹಾಳೆ ಹೋದ್ರೆ ಹೋಗ್ಲಿ, ಕೈ ಹಾಕ್ಬೇಡ. ಹಾಳಾದ ಹಾಳೆ ಲೆಕ್ಕ ನಾನು ಬರ್ಕೋತೀನಿ” ಎಂದರು. ಸೊಟ್ಟ ಹಾಳೆಯನ್ನು ಕಂಡರೂ ಸುಮ್ಮನಿರುವಂತೆ ಕೈಯನ್ನು ಪಳಗಿಸಲು ಇನ್ನೊಂದು ವಾರ ಹಿಡಿಯಿತು. ನನ್ನ ಹತ್ತು ಬೆರಳುಗಳೂ ಇಂದು ನೆಟ್ಟಗಿದ್ದು ನಿಮಗೆ ಈ ಉತ್ತರ ಬರೆಯುತ್ತಿರುವುದು ಆ ಏಟಿನಿಂದ.

ಅವರ ಮಾತಿನ ಎರಡನೆಯ ಭಾಗವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಹಾಳೆಯ ನಷ್ಟವನ್ನು ಯಾರು ಹೊರುತ್ತಾರೆಂಬುದನ್ನು ಹೇಳದೆ ಕೈ ಹಾಕಬೇಡ ಎಂದಷ್ಟೇ ಹೇಳಿದ್ದರೆ ನಾನು ಕೇಳುತ್ತಿದ್ದೆನೆಂದು ಅನ್ನಿಸುವುದಿಲ್ಲ.

ಈ ತರಬೇತಿ ಕಂಪನಿಯ ಔದಾರ್ಯವೂ ಅಲ್ಲ. 1948ರ ಕಾರ್ಖಾನೆಗಳ ಕಾಯ್ದೆಯೇ ಓಡುತ್ತಿರುವ ಯಂತ್ರದ ಬಳಿ ಪರೀಕ್ಷೆಗೋ ಎಣ್ಣೆ ಬಿಡುವುದಕ್ಕೋ ಹೋಗುವವನು ಅದಕ್ಕೆಂದೇ ತರಬೇತಿ ಪಡೆದಿರಬೇಕು, ಅವನಿಗೆ ಬಿಗಿ ಉಡುಪನ್ನು ಮಾಲೀಕನೇ ಕೊಡಬೇಕು ಎಂದಿತ್ತು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಸೋರಿತು. ಅಲ್ಲಿ ತರಬೇತಿಯನ್ನು ಮೊಟಕುಗೊಳಿಸಿದ್ದರು, ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು ಎಂದು ಆಮೇಲಿನ ವರದಿಗಳು ಹೇಳಿದವು. ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿದುಕೊಳ್ಳಿ ಎಂಬ ಒಂದು ಮಾತನ್ನು ಸುತ್ತಲಿನ ಬಸ್ತಿಗಳಿಗೆ ಮುಂಚೆ ಯಾರೂ ಹೇಳಿರಲಿಲ್ಲ. ಜನ ಓಡಿದರು, ಓಡಿದಷ್ಟೂ ಹೆಚ್ಚು ವಿಷವನ್ನು ಉಸಿರಾಡಿದರು. ಅದರ ನಂತರ, 1987ರ ತಿದ್ದುಪಡಿಯಲ್ಲಿ, 111ಎ ಎಂಬ ಕಲಮು ಸೇರಿ, ಸುರಕ್ಷತೆಯ ಮಾಹಿತಿಯನ್ನೂ ತರಬೇತಿಯನ್ನೂ ಪಡೆಯುವುದು ಪ್ರತಿಯೊಬ್ಬ ಕಾರ್ಮಿಕನ ಹಕ್ಕಾಯಿತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಬಂದಿದ್ದು, ಮಾಹಿತಿ ಕೇಳುವ ಹಕ್ಕು ಅದರಲ್ಲೂ ಉಂಟು. ಕಾರ್ಖಾನೆಯ ನೋಟೀಸುಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 1948ರ ಕಾಯ್ದೆಯ 108ನೆಯ ಕಲಮು ಸ್ಪಷ್ಟವಾಗಿ ಹೇಳಿತ್ತು. ಮುಕ್ಕಾಲು ಶತಮಾನದಲ್ಲಿ ನಾವು ಅದನ್ನು ಎಷ್ಟರ ಮಟ್ಟಿಗೆ ಪಾಲಿಸಿದೆವೆಂಬುದನ್ನು ನಿಮ್ಮ ಕಾರ್ಖಾನೆಯ ಗೇಟಿನ ಬಳಿ ನಿಂತು ನೀವೇ ನೋಡಿ.

ಅರ್ಥವಾಗದ ತರಬೇತಿ ಜೀವ ತೆಗೆಯುತ್ತದೆ ಎನ್ನಲು ಕೊಳಚೆ ನೀರಿನ ತೊಟ್ಟಿಗಿಂತ ಬೇರೆ ಉದಾಹರಣೆ ಬೇಡ. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ನೂರು ಭಾಗ ಮುಟ್ಟುವ ಹೊತ್ತಿಗೆ ಮೂಗೇ ಸೋತು ವಾಸನೆ ತಿಳಿಯದಂತಾಗುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದು ಇಳಿದವನು ಬೀಳುತ್ತಾನೆ. ಅವನನ್ನು ಎತ್ತಲು ಜೊತೆಗಾರ ಇಳಿಯುತ್ತಾನೆ. ಅವನ ಹಿಂದೆ ಇನ್ನೊಬ್ಬ. ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಾಪಾಡಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1980ರ ದಶಕದಲ್ಲೇ ಲೆಕ್ಕ ಕೊಟ್ಟಿತ್ತು. ಬಿದ್ದವನನ್ನು ಕಂಡೂ ಇಳಿಯದೆ ನಿಲ್ಲುವುದು ಮನುಷ್ಯ ಸ್ವಭಾವಕ್ಕೆ ವಿರುದ್ಧವಾದುದು. ಅದನ್ನು ಹಗ್ಗ ಹಿಡಿಸಿ, ಎಳೆಯಿಸಿ, ಮತ್ತೆ ಮತ್ತೆ ಮಾಡಿಸಿಯೇ ಕಲಿಸಬೇಕು. ಆದರೆ ಇಳಿಯುವವನು ಗುತ್ತಿಗೆದಾರನ ಕಡೆಯವನು. ಅವನ ಹೆಸರು ನಿಮ್ಮ ತರಬೇತಿಯ ಹಾಜರಿ ಪುಸ್ತಕದಲ್ಲಿ ಇರುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ನಮ್ಮವರನ್ನೂ ಬೈಯದಿದ್ದರೆ ತಪ್ಪಾಗುತ್ತದೆ. ಕನ್ನಡದಲ್ಲಿ ಬರೆಯಿರಿ ಎಂದು ಹಟ ಹಿಡಿದರೆ “ವೈಯಕ್ತಿಕ ಸಂರಕ್ಷಣಾತ್ಮಕ ಪರಿಕರಗಳನ್ನು ಕಡ್ಡಾಯವಾಗಿ ಧರಿಸತಕ್ಕದ್ದು” ಎಂಬ ಫಲಕ ಬರುತ್ತದೆ. ಹೆಲ್ಮೆಟ್, ಗ್ಲೌಸ್, ಬೂಟು ಹಾಕಿಕೊಂಡು ಒಳಗೆ ಬನ್ನಿ ಎಂದರೆ ಯಾರ ಗಂಟು ಹೋಗುತ್ತಿತ್ತು? ಗಾರ್ಡ್, ಡೈ, ಮೇನ್ ಆಫ್ ಎಂಬ ಷಾಪಿನ ಮಾತುಗಳು ಕನ್ನಡದವೇ ಆಗಿ ಎಷ್ಟೋ ಕಾಲವಾಗಿದೆ. ಇನ್ನೊಂದು ಮಾತು ನಮ್ಮ ಕೆಲವು ಕನ್ನಡಾಭಿಮಾನಿ ಓದುಗರಿಗೆ ಹಿಡಿಸಲಾರದು. ನಿಮ್ಮ ಷಾಪಿನಲ್ಲಿ ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಹುಡುಗರಿದ್ದರೆ ಅವರಿಗೆ ಒಡಿಯಾದಲ್ಲಿ, ಹಿಂದಿಯಲ್ಲಿಯೇ ಹೇಳಬೇಕು. ಅವರು ನಿಧಾನವಾಗಿ ಕನ್ನಡ ಕಲಿಯಲಿ, ಅಲ್ಲಿಯವರೆಗೆ ಬೆರಳು ಉಳಿದಿರಲಿ.

ಈಗ ಬೆಂಕಿಕಡ್ಡಿಗೆ ಮರಳೋಣ. ಒಂದು ಕೈಯಿಂದ ಪ್ರೆಸ್ ಓಡಿಸಿ ಇನ್ನೊಂದು ಕೈಯಿಂದ ತಗಡು ಇಟ್ಟರೆ ಪಾಳಿಗೆ ಒಂದಿಷ್ಟು ಪೀಸ್ ಹೆಚ್ಚು ಬರುತ್ತವೆ. ಆ ಹೆಚ್ಚಿನ ಪೀಸುಗಳು ಯಾರ ಟಾರ್ಗೆಟ್? ಕಡ್ಡಿ ಸಿಕ್ಕಿಸಿದ್ದು ನಿಮ್ಮ ಕಣ್ಣಿಗೆ ಬಿದ್ದಿದೆ, ಪತ್ರದಲ್ಲಿ ಬರೆದಿದ್ದೀರಿ. ಆ ದಿನ ಪ್ರೆಸ್ ನಿಲ್ಲಿಸಿದಿರೇ ಎಂಬುದನ್ನು ಮಾತ್ರ ಬರೆದಿಲ್ಲ. ನಿಮ್ಮ ಮೇಲೂ ಒಬ್ಬರಿದ್ದಾರೆ, ಸಂಜೆ ಲೆಕ್ಕ ಕೇಳುತ್ತಾರೆ ಎಂಬುದು ನನಗೆ ತಿಳಿಯದ್ದೇನಲ್ಲ. ಹಾಳಾದ ಹಾಳೆಯ ಲೆಕ್ಕವನ್ನು ತನ್ನ ಹೆಸರಿಗೆ ಬರೆದುಕೊಂಡ ನಮ್ಮ ಮೇಸ್ತ್ರಿಗೂ ಒಬ್ಬ ಮಾಲೀಕನಿದ್ದ.

ನಿಮ್ಮಿಂದ ಒಂದು ಉಪಕಾರವಾಗಬೇಕು. ಪ್ರೆಸ್ ಮುಂದೆ ನಿಲ್ಲುವ ಹೊಸ ಹುಡುಗನಿಗೆ ಮೊದಲ ದಿನ ನೀವು ಏನು ಹೇಳುತ್ತೀರಿ, ಏನು ತೋರಿಸುತ್ತೀರಿ ಎಂಬುದನ್ನು ಷಾಪಿನ ಮಾತಿನಲ್ಲೇ ಬರೆದು ಕಳಿಸಿ. ಎರಡು ಪುಟ ಮೀಸಲಿಡುತ್ತೇನೆ, ಒಂದು ಪದವನ್ನೂ ತಿದ್ದುವುದಿಲ್ಲ. ಹಾಳೆಯ ಒಂದೇ ಬದಿಯಲ್ಲಿ ಬರೆದರೆ ನಮ್ಮ ಡಿಟಿಪಿಯವರಿಗೆ ಅನುಕೂಲ.