ನಿಶ್ಚಿತಾರ್ಥದ ಉಂಗುರಕ್ಕೆ ದುಂಡು ವಜ್ರವೋ, ಚೌಕದ್ದೋ?

ಹುಡುಗಿ ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ, ಉಂಗುರವನ್ನು ದಿನವೂ ತೊಡುತ್ತಾಳೆ ಎಂದಿದ್ದೀರಿ. ಹಾಗಿದ್ದರೆ ಹೊಳಪಿಗಿಂತ ಮೊದಲು ಮೂಲೆಗಳನ್ನು ನೋಡಿ. ವಜ್ರಕ್ಕೆ ಗೀರು ಬೀಳುವುದು ಅಪರೂಪ, ಆದರೆ ಪೆಟ್ಟು ಬಿದ್ದರೆ ಚೂರು ಹಾರಬಹುದು. ‘ಪ್ರಿನ್ಸೆಸ್’ ಎಂಬ ಚೌಕದ ಚೂಪು ಮೂಲೆಗಳು, ಹನಿಯಾಕಾರದ ತುದಿ ಅದಕ್ಕೆ ಸುಲಭದ ತುತ್ತು. ಕಲ್ಲನ್ನು ಹಿಡಿದಿಡುವ ಎತ್ತರದ ಕೊಂಡಿಗಳು ಡೆನಿಮ್ ದಾರಕ್ಕೆ ಸಿಕ್ಕಿಕೊಳ್ಳುವುದು ಇನ್ನೊಂದು ತಲೆನೋವು. ಕಲ್ಲಿನ ಸುತ್ತ ಚಿನ್ನದ ಪಟ್ಟಿ ಕಟ್ಟಿಸಿದರೆ ಎರಡೂ ಬಹುಮಟ್ಟಿಗೆ ತಪ್ಪುತ್ತವೆ.

ದುಂಡು ವಜ್ರಕ್ಕೆ 57 ಅಥವಾ 58 ಮುಖಗಳು. ಮಿನುಗು ಹೆಚ್ಚು, ಸಣ್ಣ ಕಲೆಗಳು ಮರೆಯಾಗುತ್ತವೆ, ಬೆಲೆಯೂ ಹೆಚ್ಚು. ನನ್ನ ಆಯ್ಕೆ ಅಂಡಾಕಾರ. ಮೂಲೆಗಳಿಲ್ಲ, ಅದೇ ತೂಕಕ್ಕೆ ಸಾಮಾನ್ಯವಾಗಿ ದೊಡ್ಡದಾಗಿ ಕಾಣುತ್ತದೆ, ಬೆರಳೂ ನೀಳವೆನಿಸುತ್ತದೆ. ಕೆಲವು ಅಂಡಾಕಾರದ ಕಲ್ಲುಗಳ ನಡುವೆ ಬೋ-ಟೈನಂಥ ಕಪ್ಪು ನೆರಳು ಇರುತ್ತದೆ. ಅಂಗಡಿಯ ದೀಪಗಳನ್ನು ನಂಬಬೇಡಿ, ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ಹೊರಳಿಸಿ ನೋಡಿ.

ಕ್ಯಾರೆಟ್ ಗೊಂದಲ ಬೇಡ: ವಜ್ರದಲ್ಲಿ ಅದು ತೂಕ (ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ), ಚಿನ್ನದಲ್ಲಿ ಶುದ್ಧತೆ. ಕಲ್ಲನ್ನು ಭದ್ರವಾಗಿ ಹಿಡಿಯಲು 22ಕ್ಕಿಂತ 18 ಕ್ಯಾರೆಟ್ ಚಿನ್ನವೇ ಗಟ್ಟಿ. ಹಟ್ಟಿ ಚಿನ್ನದ ಗಣಿಯ ಪಕ್ಕದ ಜಿಲ್ಲೆಯವರಾದ ನಮ್ಮ ಹಿರಿಯರು ಇದು ಕಡಿಮೆ ಶುದ್ಧವೆಂದು ಮೂಗು ಮುರಿಯುತ್ತಾರೆ, ಮುರಿಯಲಿ ಬಿಡಿ.