ನರವನ್ನು ಜಗ್ಗಬೇಡಿ, ಜಾರಲು ಬಿಡಿ

ಪ್ರಶ್ನೆ: ನನಗೆ 44 ವರ್ಷ, ಹೊಲಿಗೆ ಕೆಲಸ. ಮೂರು ತಿಂಗಳಿಂದ ನಡುರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ. ಕೊಡವಿದರೆ ಸರಿಹೋಗುತ್ತದೆ. ಡಾಕ್ಟರು ಕಾರ್ಪಲ್ ಟನಲ್ ಸಿಂಡ್ರೋಮ್ ಅಂದರು. ವಿಡಿಯೊ ನೋಡಿ ದಿನಾ ಅರ್ಧ ಗಂಟೆ ಮಣಿಕಟ್ಟನ್ನು ಹಿಂದಕ್ಕೆ ಜಗ್ಗುತ್ತಿದ್ದೇನೆ. ಜೋಮು ಜಾಸ್ತಿಯೇ ಆಗಿದೆ. ಇನ್ನೂ ಜೋರಾಗಿ ಜಗ್ಗಬೇಕೇ?

ಉತ್ತರ: ಬೇಡಮ್ಮ, ಇವತ್ತೇ ನಿಲ್ಲಿಸಿ. ಫಿಸಿಯೋಥೆರಪಿಸ್ಟ್ ಆಗಿದ್ದೂ ಬಸುರಿಯಾಗಿದ್ದಾಗ ನಾನೇ ಈ ತಪ್ಪು ಮಾಡಿದ್ದೆ. ಬಸುರಿನಲ್ಲಿ ಮೈಯಲ್ಲಿ ನೀರು ತುಂಬಿಕೊಳ್ಳುವುದರಿಂದ ಈ ತೊಂದರೆ ಬರುವುದುಂಟು. ಬಿಗಿಯಾಗಿದೆ, ಎಳೆದರೆ ಸಡಿಲವಾಗುತ್ತದೆ ಅಂದುಕೊಂಡೆ. ಆ ರಾತ್ರಿ ನಿದ್ದೆಯೇ ಇಲ್ಲ.

ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿಯಿದೆ, ಅದೇ ಕಾರ್ಪಲ್ ಟನಲ್. ಕೆಳಗೆ ಮೂಳೆ, ಮೇಲೆ ಗಟ್ಟಿ ಪಟ್ಟಿ. ಬೆರಳು ಮಡಚುವ 9 ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹಗ್ಗದಂಥ ನಾರುಗಳು) ಮತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಸ್ಪರ್ಶ ಕೊಡುವ ಮೀಡಿಯನ್ ನರ ಅದರೊಳಗೇ ಸಾಗಬೇಕು. ಮಣಿಕಟ್ಟು ಹಿಂದಕ್ಕೆ ಬಾಗಿದರೂ ಮುಂದಕ್ಕೆ ಬಾಗಿದರೂ ಒಳಗಿನ ಒತ್ತಡ ಏರುತ್ತದೆ, ನರ ಅಮುಕಿ ಜೋಮು ಹಿಡಿಯುತ್ತದೆ. ನೀವು ಅರ್ಧ ಗಂಟೆ ಮಾಡುತ್ತಿದ್ದದ್ದು ಅದನ್ನೇ. ನಿದ್ದೆಯಲ್ಲಿ ಕೈ ಮಡಚಿಕೊಂಡಾಗಲೂ ಅಷ್ಟೇ. ನಿಮ್ಮ ಕಿರುಬೆರಳಿಗೆ ಜೋಮು ಬರುವುದಿಲ್ಲ, ಅಲ್ವಾ? ಅದರ ನರ ಬೇರೆ ದಾರಿ ಹಿಡಿದಿದೆ. ಕಿರುಬೆರಳೂ ಮರಗಟ್ಟುತ್ತಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ.

ಈಗ ವ್ಯಾಯಾಮ. ಮಣಿಕಟ್ಟು ನೇರವಾಗಿರಲಿ. ಬೆರಳುಗಳನ್ನು ನೆಟ್ಟಗೆ ಚಾಚಿ. ಬುಡದ ಗಿಣ್ಣು ಮಡಚದೆ ಮೇಲಿನ ಎರಡು ಗಿಣ್ಣುಗಳನ್ನಷ್ಟೇ ಕೊಕ್ಕೆಯ ಹಾಗೆ ಬಾಗಿಸಿ. ಮತ್ತೆ ಚಾಚಿ, ಸಡಿಲವಾಗಿ ಮುಷ್ಟಿ ಕಟ್ಟಿ. ಮತ್ತೆ ಚಾಚಿ. ಇದರಿಂದ ಸ್ನಾಯುರಜ್ಜುಗಳು ಆ ದಾರಿಯಲ್ಲಿ ಹಿಂದೆ ಮುಂದೆ ಜಾರುತ್ತವೆ. ನಿಧಾನವಾಗಿ 5 ಸಲ, ದಿನಕ್ಕೆ ಮೂರು ಹೊತ್ತು ಸಾಕು. ಜುಮ್ಮೆಂದರೆ ಅಲ್ಲಿಗೇ ಬಿಡಿ. ನರವನ್ನೇ ಜಾರಿಸುವ ವ್ಯಾಯಾಮವೂ ಇದೆ, ಆದರೆ ಅದನ್ನು ಎದುರಿಗೆ ಕೂತೇ ಕಲಿಯಬೇಕು. ಅತಿಯಾದರೆ ನರ ಮುನಿಯುತ್ತದೆ.

ನಿಜ ಹೇಳಲೇ? ವ್ಯಾಯಾಮಕ್ಕಿಂತ ನಾನು ಹೆಚ್ಚು ನಂಬುವುದು ರಾತ್ರಿ ಹಾಕಿಕೊಳ್ಳುವ ಮಣಿಕಟ್ಟಿನ ಆಸರೆ ಪಟ್ಟಿಯನ್ನು (ಸ್ಪ್ಲಿಂಟ್). ಅದು ಮಣಿಕಟ್ಟನ್ನು ನೆಟ್ಟಗೆ ಹಿಡಿಯಬೇಕು, ಬಿಗಿದು ಕಟ್ಟಬಾರದು. ಆರು ವಾರ ಬಿಡದೆ ಹಾಕಿ. ಹಗಲಲ್ಲಿ ಕತ್ತರಿ ಹಿಡಿಯುವ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಲು ಹೋಗಬೇಡಿ, ನಡುನಡುವೆ ಕೈಗೆ ಬಿಡುವು ಕೊಡಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ? ಇಲ್ಲದಿದ್ದರೆ ಮಾಡಿಸಿ. ಅವೂ ಇದಕ್ಕೆ ಕಾರಣವಾಗುತ್ತವೆ.

ಎರಡೂ ಅಂಗೈಗಳನ್ನು ಪಕ್ಕಪಕ್ಕ ಇಟ್ಟು ಹೆಬ್ಬೆರಳಿನ ಬುಡ ನೋಡಿ. ಬಲಗೈಯ ಉಬ್ಬು ಇಳಿದಿದೆಯೇ? ಸೂಜಿ, ಗುಂಡಿ ಕೈಜಾರುತ್ತಿವೆಯೇ? ಜೋಮು ಹಗಲಿಡೀ ಇರುತ್ತದೆಯೇ? ಒಂದಕ್ಕೆ ಹೌದು ಎಂದಾದರೂ ಆರು ವಾರ ಕಾಯಬೇಡಿ. ನರದ ಪರೀಕ್ಷೆ ಮಾಡಿಸಿ. ಆಗ ಇಂಜೆಕ್ಷನ್ನೋ ಸಣ್ಣ ಆಪರೇಷನ್ನೋ ಬೇಕಾಗಬಹುದು.